ಹಳೆಯ ಬ್ಯಾಟರಿ ಎಲ್ಲಿಗೆ ಹೋಗುತ್ತದೆ? – ಒಂದು ವಸ್ತುವಿನ ಚರಿತ್ರೆ, ಒಂದು ಕಾನೂನಿನ ಕಥೆ



ಈ ಪುಟವನ್ನು ಓದಲು ಕುಳಿತಲ್ಲಿಂದಲೇ ಒಮ್ಮೆ ಸುತ್ತಲೂ ಕಣ್ಣಾಡಿಸಿ. ಗೋಡೆ ಗಡಿಯಾರದೊಳಗೆ ಒಂದು ಸೆಲ್ಲು. ಟೀವಿಯ ರಿಮೋಟಿನಲ್ಲಿ ಎರಡು. ಅಜ್ಜನ ಟಾರ್ಚಿನಲ್ಲಿ ಎರಡೋ ಮೂರೋ. ಕರೆಂಟು ಹೋದಾಗ ದೀಪ ಉರಿಸುವ ಯುಪಿಎಸ್ ಮನೆಯಲ್ಲಿದ್ದರೆ, ಒಬ್ಬರಿಂದ ಎತ್ತಲು ಕಷ್ಟವಾಗುವಷ್ಟು ಭಾರದ ಒಂದು ಬ್ಯಾಟರಿ. ಅಂಗಳದ ಸ್ಕೂಟರಿನಲ್ಲಿ ಇನ್ನೊಂದು. ಜೇಬಿನ ಮೊಬೈಲಿನಲ್ಲಿ ಮತ್ತೊಂದು. ಒಂದು ಸಾಧಾರಣ ಮನೆಯಲ್ಲಿ ಎಣಿಸಿದರೂ ಹತ್ತಕ್ಕೆ ಕಡಿಮೆ ಸಿಗುವುದಿಲ್ಲ.

ಈಗ ಒಂದು ಪ್ರಶ್ನೆ. ಇವು ಸತ್ತ ಮೇಲೆ ಎಲ್ಲಿಗೆ ಹೋಗುತ್ತವೆ?

ಸಣ್ಣ ಸೆಲ್ಲಾದರೆ ಕಸದ ಬುಟ್ಟಿಗೆ ಎನ್ನುತ್ತೀರಿ. ದೊಡ್ಡ ಬ್ಯಾಟರಿಯಾದರೆ ಗುಜರಿಯವನು ಒಳ್ಳೆಯ ಬೆಲೆ ಕೊಟ್ಟು ಒಯ್ಯುತ್ತಾನೆ ಎನ್ನುತ್ತೀರಿ. ಆಮೇಲೆ? ಅಲ್ಲಿಗೆ ನಮ್ಮ ಉತ್ತರ ನಿಂತುಬಿಡುತ್ತದೆ. ವಸ್ತುಗಳ ಹುಟ್ಟನ್ನು ನಾವು ಪಾಠದಲ್ಲಿ ಓದುತ್ತೇವೆ, ಕಂಡುಹಿಡಿದವರ ಹೆಸರು ಮತ್ತು ಇಸವಿಯನ್ನು ಬಾಯಿಪಾಠ ಮಾಡುತ್ತೇವೆ. ಆದರೆ ವಸ್ತುಗಳ ಸಾವಿಗೂ ಒಂದು ಚರಿತ್ರೆಯುಂಟು. ಬ್ಯಾಟರಿಯ ಮಟ್ಟಿಗಂತೂ ಆ ಚರಿತ್ರೆ ಮಕ್ಕಳ ರಕ್ತದಲ್ಲಿ ಬರೆಯಲ್ಪಟ್ಟಿದೆ. ಇಂದು ಆ ಕಥೆಯನ್ನು ಮೊದಲಿನಿಂದ ನೋಡೋಣ.

ಹುಟ್ಟು ಮತ್ತು ಬೆಳವಣಿಗೆ

ಇಟಲಿಯ ಲುಯಿಗಿ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಲೋಹದ ಸ್ಪರ್ಶಕ್ಕೆ ಅದುರುವುದನ್ನು ಕಂಡು, ಆ ಬಗ್ಗೆ 1791ರಲ್ಲಿ ಬರೆದು ಪ್ರಕಟಿಸಿದ. ಪ್ರಾಣಿಯ ದೇಹದಲ್ಲೇ ವಿದ್ಯುತ್ತು ಇದೆ ಎಂಬುದು ಅವನ ವಾದ. ಅದೇ ದೇಶದ ಅಲೆಸ್ಸಾಂಡ್ರೋ ವೋಲ್ಟಾ ಇದನ್ನು ಒಪ್ಪಲಿಲ್ಲ. ವಿದ್ಯುತ್ತು ಬರುವುದು ಎರಡು ಬೇರೆ ಬೇರೆ ಲೋಹಗಳ ಸಂಪರ್ಕದಿಂದ ಎಂದ ಅವನು, ಕಪ್ಪೆಯನ್ನು ಬಿಟ್ಟು, ಸತುವಿನ ಬಿಲ್ಲೆ, ಬೆಳ್ಳಿಯ ಬಿಲ್ಲೆ, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು – ಹೀಗೆ ಒಂದರ ಮೇಲೊಂದು ಪೇರಿಸಿ ಕಂಬ ಮಾಡಿದ. 1800ರ ಮಾರ್ಚ್ 20ರಂದು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಜೋಸೆಫ್ ಬ್ಯಾಂಕ್ಸ್ ಅವರಿಗೆ ಪತ್ರ ಬರೆದು ಈ ಸುದ್ದಿ ತಿಳಿಸಿದ. ನಿರಂತರವಾಗಿ ಹರಿಯುವ ವಿದ್ಯುತ್ತು ಮನುಷ್ಯನ ಕೈಗೆ ಸಿಕ್ಕಿದ್ದು ಹೀಗೆ.

ಆದರೆ ವೋಲ್ಟಾನ ಕಂಬ ಒಮ್ಮೆ ಸತ್ತರೆ ಸತ್ತಂತೆಯೇ. ಖಾಲಿಯಾದ ಮೇಲೆ ಮತ್ತೆ ತುಂಬಬಲ್ಲ ಬ್ಯಾಟರಿಯನ್ನು ಮಾಡಿದವನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ, 1859ರಲ್ಲಿ. ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿದ. ಇಂದು ನಿಮ್ಮ ಮನೆಯ ಯುಪಿಎಸ್‌ನೊಳಗೆ ಇರುವುದೂ ಬಹುಪಾಲು ಇದೇ. ಒಂದು ಫಲಕದಲ್ಲಿ ಸೀಸ, ಇನ್ನೊಂದರಲ್ಲಿ ಸೀಸದ ಡೈಆಕ್ಸೈಡ್, ನಡುವೆ ಆಮ್ಲ. ವಿದ್ಯುತ್ತು ಕೊಡುವಾಗ ಎರಡೂ ಫಲಕಗಳು ಸೀಸದ ಸಲ್ಫೇಟ್ ಆಗುತ್ತವೆ. ಚಾರ್ಜ್ ಮಾಡಿದಾಗ ಮತ್ತೆ ಮೊದಲಿನ ಸ್ಥಿತಿಗೆ ಮರಳುತ್ತವೆ. ಹೀಗೆ ನೂರಾರು ಬಾರಿ ಹೋಗಿ ಬಂದ ಮೇಲೆ ಸಲ್ಫೇಟು ಗಟ್ಟಿಕಟ್ಟಿ, ಫಲಕ ಪುಡಿಯುದುರಿ, ಬ್ಯಾಟರಿ ಪ್ರಾಣ ಬಿಡುತ್ತದೆ.

ಟಾರ್ಚಿನ ಸೆಲ್ಲಿನ ವಂಶ ಬೇರೆ. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ಸತು, ಇಂಗಾಲ, ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ನವಸಾಗರ ಬಳಸಿ ಕೋಶ ಮಾಡಿದ. ಕಲಾಯಿ ಹಾಕುವವರು ಪಾತ್ರೆಗೆ ಉಜ್ಜುತ್ತಿದ್ದ ನವಸಾಗರವೇ ಇದು. 1886ರಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ದ್ರವದ ಬದಲು ಸರಿಯಂಥ ವಸ್ತು ತುಂಬಿ ಅದನ್ನು ಶುಷ್ಕಕೋಶವಾಗಿಸಿದ. ನಮ್ಮ ಹಳ್ಳಿಗಳಲ್ಲಿ ಟ್ರಾನ್ಸಿಸ್ಟರಿನ ಸೆಲ್ಲು ಸೋತಾಗ ಬಿಸಿಲಿಗಿಟ್ಟು ಇನ್ನೆರಡು ದಿನ ವಾರ್ತೆ ಕೇಳಿದ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಪೂರ್ತಿ ಸತ್ತ ಸೆಲ್ಲನ್ನು ಕಲ್ಲಿನಿಂದ ಜಜ್ಜಿ, ಒಳಗಿನ ಕರಿಯ ಕಡ್ಡಿ ತೆಗೆದು ಆಟವಾಡಿದ ಮಕ್ಕಳೂ ಬಹಳ. ಯಾರೂ ಬೇಡವೆನ್ನಲಿಲ್ಲ, ಏಕೆಂದರೆ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಸೀಸದ ಬ್ಯಾಟರಿ ಲೋಕದ ತುಂಬ ಹರಡಲು ಕಾರಣ ಮೋಟಾರು ಕಾರು. ಮೊದಲ ಕಾರುಗಳನ್ನು ಕೈಹಿಡಿಕೆ ತಿರುಗಿಸಿ ಚಾಲೂ ಮಾಡಬೇಕಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅಲ್ಲಿಂದ ಮುಂದೆ ಕಾರಿಗೊಂದು ಬ್ಯಾಟರಿ ಎಂಬುದು ನಿಯಮವಾಯಿತು. ಇಂದು ಜಗತ್ತಿನಲ್ಲಿ ಬಳಕೆಯಾಗುವ ಸೀಸದಲ್ಲಿ ಸುಮಾರು ಶೇ. 85 ಭಾಗ ಬ್ಯಾಟರಿಗಳಿಗೇ ಹೋಗುತ್ತದೆ.

ಸೀಸದ ಹಳೆಯ ಅಪಕೀರ್ತಿ

ಇಲ್ಲೊಂದು ಮಾತು. ನಾವು ಪೆನ್ಸಿಲ್ಲನ್ನು ಸೀಸದ ಕಡ್ಡಿ ಎಂದು ಕರೆಯುತ್ತೇವೆ. ಅದರಲ್ಲಿ ಸೀಸದ ಲವಲೇಶವೂ ಇಲ್ಲ, ಇರುವುದು ಗ್ರಾಫೈಟ್ ಎಂಬ ಇಂಗಾಲ. ಹೆಸರಿನಲ್ಲಿ ಸೀಸವಿದ್ದು ಒಳಗೆ ಇಲ್ಲದ ವಸ್ತು ಪೆನ್ಸಿಲ್ಲು; ಒಳಗೆ ತುಂಬ ಸೀಸವಿದ್ದು ಹೆಸರಿನಲ್ಲಿ ಇಲ್ಲದ ವಸ್ತು ಬ್ಯಾಟರಿ.

ಸೀಸ ವಿಷವೆಂಬುದು ಹೊಸ ಜ್ಞಾನವಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್, ನೀರಿಗೆ ಸೀಸದ ಕೊಳವೆಗಿಂತ ಮಣ್ಣಿನ ಕೊಳವೆ ಉತ್ತಮವೆಂದು ಬರೆದಿದ್ದ. ಅವನು ಕೊಟ್ಟ ಕಾರಣ ಸರಳವಾದದ್ದು: ಸೀಸದ ಕೆಲಸ ಮಾಡುವವರ ಮುಖ ಬಿಳಿಚಿಕೊಂಡಿರುವುದನ್ನು ನೋಡಿ ಎಂಬುದು. 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜಿನಿ ಕಸುಬುದಾರರ ಕಾಯಿಲೆಗಳ ಬಗ್ಗೆ ಗ್ರಂಥವನ್ನೇ ರಚಿಸಿದ. ಮಡಕೆಗೆ ಸೀಸದ ಮೆರುಗು ಕೊಡುವ ಕುಂಬಾರರ ನಡುಗುವ ಕೈಗಳ ವರ್ಣನೆ ಅದರಲ್ಲಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಈ ವಿಷಯವನ್ನು ಕಾರ್ಖಾನೆಯ ಬಾಗಿಲಿಗೆ ಒಯ್ದರು. 1910ರಲ್ಲಿ ಇಲಿನಾಯ್ ರಾಜ್ಯದ ಸಮೀಕ್ಷೆಯಲ್ಲಿ ಸೀಸದ ಕೆಲಸಗಾರರನ್ನು ಅವರು ಹುಡುಕಿ ಹುಡುಕಿ ಪರೀಕ್ಷಿಸಿದರು. 1915ರಲ್ಲಿ ಬ್ಯಾಟರಿ ಕಾರ್ಖಾನೆಗಳಲ್ಲಿನ ಸೀಸದ ವಿಷದ ಬಗ್ಗೆಯೇ ಒಂದು ಸರ್ಕಾರಿ ವರದಿ ಬರೆದರು. 1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಅಧ್ಯಾಪಕಿಯಾದರು. ಬ್ರಿಟನ್ನಿನಲ್ಲೂ 1925ರಲ್ಲಿ ವಿದ್ಯುತ್ ಸಂಚಯಕಗಳ ತಯಾರಿಕೆಗೆಂದೇ ವಿಶೇಷ ನಿಯಮಗಳು ಬಂದವು. ಗಮನಿಸಿ, ಇವೆಲ್ಲ ಬ್ಯಾಟರಿ ತಯಾರಿಸುವ ಕಾರ್ಮಿಕನನ್ನು ಕಾಯುವ ಯತ್ನಗಳು. ಸತ್ತ ಬ್ಯಾಟರಿಯ ಕಡೆಗೆ ಇನ್ನೂ ಯಾರ ಕಣ್ಣೂ ಹೊರಳಿರಲಿಲ್ಲ.

ಬಾಲ್ಟಿಮೋರಿನ ಚಳಿಗಾಲ

ಕಣ್ಣು ಹೊರಳಿಸಿದ್ದು ಬಡತನ. 1929ರಲ್ಲಿ ಆರಂಭವಾದ ಮಹಾ ಆರ್ಥಿಕ ಕುಸಿತದಿಂದ ಅಮೆರಿಕದ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. 1932ರಲ್ಲಿ ಬಾಲ್ಟಿಮೋರ್ ನಗರದ ಬಡ ಕುಟುಂಬಗಳಿಗೆ ಚಳಿ ಕಾಯಿಸಲು ಕಲ್ಲಿದ್ದಲು ಕೊಳ್ಳುವ ಶಕ್ತಿಯಿರಲಿಲ್ಲ. ಗುಜರಿಯವರು ಸೀಸ ತೆಗೆದುಕೊಂಡು ಬಿಸಾಡಿದ್ದ ಬ್ಯಾಟರಿ ಪೆಟ್ಟಿಗೆಗಳು ಅವರಿಗೆ ಸಿಕ್ಕವು. ಒಣಗಿದ ವಸ್ತು, ಚೆನ್ನಾಗಿ ಉರಿಯುತ್ತದೆ, ಖರ್ಚಿಲ್ಲ. ಒಲೆಗೆ ಹಾಕಿದರು. ಪೆಟ್ಟಿಗೆಗೆ ಅಂಟಿಕೊಂಡಿದ್ದ ಸೀಸ ಹೊಗೆಯಾಗಿ ಮನೆ ತುಂಬಿತು. ಮಕ್ಕಳು ಕಾಯಿಲೆ ಬಿದ್ದರು. ನಗರದ ಆರೋಗ್ಯಾಧಿಕಾರಿಗಳು ಮನೆ ಮನೆ ಸುತ್ತಿ ಕಾರಣ ಪತ್ತೆ ಮಾಡಿ, ಮರುವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಈ ಘಟನೆಯನ್ನು ಚೆನ್ನಾಗಿ ನೆನಪಿಡಿ. ಸತ್ತ ಬ್ಯಾಟರಿಯ ಚರಿತ್ರೆಯ ಮುಖ್ಯ ಸೂತ್ರ ಇದರಲ್ಲೇ ಇದೆ. ಕಾರು ಇದ್ದವರು ಒಂದು ಕಡೆ. ಆ ಕಾರಿನ ಬ್ಯಾಟರಿಯ ವಿಷ ಉಂಡವರು ಇನ್ನೊಂದು ಕಡೆ. ಮುಂದೆ ನಾಡು ಬದಲಾಗುತ್ತದೆ, ಇಸವಿ ಬದಲಾಗುತ್ತದೆ, ಈ ಸೂತ್ರ ಬದಲಾಗುವುದಿಲ್ಲ.

ಮರುಬಳಕೆಯೇ ಅಪಾಯವಾದಾಗ

"ಮರುಬಳಕೆ ಮಾಡಿದರೆ ಪರಿಸರ ಉಳಿಯುತ್ತದೆ" ಎಂದು ನೀವು ಪ್ರಬಂಧ ಸ್ಪರ್ಧೆಯಲ್ಲಿ ಬರೆದಿರಬಹುದು. ಸೀಸದ ವಿಷಯದಲ್ಲಿ ಈ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು.

ಸೀಸವು ಮರುಬಳಕೆಗೆ ಬಹಳ ಅನುಕೂಲವಾದ ಲೋಹ. 327 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆ ಶಾಖಕ್ಕೆ ಕರಗುತ್ತದೆ. ಎಷ್ಟು ಬಾರಿ ಕರಗಿಸಿ ಎರಕ ಹೊಯ್ದರೂ ಗುಣ ಕೆಡುವುದಿಲ್ಲ. ಆದ್ದರಿಂದ ಹಳೆಯ ಬ್ಯಾಟರಿಗೆ ಯಾವ ಊರಿನಲ್ಲಾದರೂ ಬೆಲೆಯಿದೆ. ಕೊಳ್ಳುವವರಿಲ್ಲದೆ ತಿಪ್ಪೆಯಲ್ಲಿ ಬಿದ್ದಿರುವ ಕಾರಿನ ಬ್ಯಾಟರಿಯನ್ನು ನೀವು ನೋಡಿರುವುದು ಅಪರೂಪ. ಎಂದರೆ ತೊಂದರೆ ಇರುವುದು ಮರುಬಳಕೆ ಆಗದಿರುವುದರಲ್ಲಿ ಅಲ್ಲ. ಮರುಬಳಕೆ ಹೇಗೆ ಆಗುತ್ತದೆ ಎಂಬುದರಲ್ಲಿ.

ಸರಿಯಾದ ಕಾರ್ಖಾನೆಯಲ್ಲಿ ಯಂತ್ರವೇ ಬ್ಯಾಟರಿಯನ್ನು ಒಡೆಯುತ್ತದೆ. ಆಮ್ಲವನ್ನು ಬೇರೆ ಹಿಡಿದು ಅದರ ತೀಕ್ಷ್ಣತೆ ಕಳೆಯುತ್ತಾರೆ. ಪ್ಲಾಸ್ಟಿಕ್ಕನ್ನು ತೊಳೆದು ಬೇರ್ಪಡಿಸುತ್ತಾರೆ. ಮುಚ್ಚಿದ ಕುಲುಮೆಯಲ್ಲಿ ಸೀಸ ಕರಗಿಸಿ, ಹೊಗೆಯನ್ನು ಶೋಧಕಗಳ ಮೂಲಕ ಹಾಯಿಸುತ್ತಾರೆ. ಕೆಲಸಗಾರರ ರಕ್ತವನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತಾರೆ. ಇದಕ್ಕೆಲ್ಲ ಹಣ ಬೇಕು.

ಹಣವಿಲ್ಲದ ದಾರಿಯೂ ಒಂದಿದೆ. ಕೊಡಲಿಯಿಂದ ಬ್ಯಾಟರಿ ಒಡೆಯುವುದು. ಆಮ್ಲವನ್ನು ನೆಲಕ್ಕೋ ಚರಂಡಿಗೋ ಚೆಲ್ಲುವುದು. ಫಲಕಗಳನ್ನು ಇದ್ದಿಲಿನ ಬೆಂಕಿಯಲ್ಲಿ ಬಯಲಲ್ಲೇ ಕರಗಿಸುವುದು. ಹೊಗೆ ಗಾಳಿಗೆ, ಬೂದಿ ಮಣ್ಣಿಗೆ. ಸಂಜೆ ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವುದು. ಆ ಮಗು ನೆಲದ ಮೇಲೆ ತೆವಳಿ, ಕೈಯನ್ನು ಬಾಯಿಗೆ ಹಾಕುತ್ತದೆ. ದೊಡ್ಡವರ ದೇಹ ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಪುಟ್ಟ ಮಗುವಿನ ದೇಹ ಹೀರಿಕೊಳ್ಳಬಲ್ಲದು. ದೇಹ ಅದನ್ನು ಸುಣ್ಣದಂಶವೆಂದು ತಪ್ಪು ತಿಳಿದು ಮೂಳೆಯಲ್ಲಿ ಕೂಡಿಡುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಧಕ್ಕೆಯಾಗುತ್ತದೆ. ಕಲಿಯುವ ಶಕ್ತಿ, ಗಮನವಿಡುವ ಶಕ್ತಿ ಕುಗ್ಗುತ್ತವೆ. ಇಷ್ಟು ಸೀಸವಾದರೆ ಚಿಂತೆಯಿಲ್ಲ ಎನ್ನಬಹುದಾದ ಮಟ್ಟ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಡ್ಡನೆಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿಸಲ್ಪಟ್ಟ ಹುಡುಗನೊಬ್ಬನ ರಕ್ತದಲ್ಲಿ ಯಾರದೋ ಬ್ಯಾಟರಿಯ ಸೀಸ ಇರಬಹುದೆಂದು ನಾವು ಎಂದಾದರೂ ಯೋಚಿಸಿದ್ದೇವೆಯೇ?

ಸಣ್ಣ ಸೆಲ್ಲು, ದೊಡ್ಡ ಭಯ

ಟಾರ್ಚು, ರೇಡಿಯೋಗಳ ಸಣ್ಣ ಸೆಲ್ಲಿನ ಕಡೆಗೆ ಕಾನೂನಿನ ಗಮನ ಹರಿಯಲು ಜಪಾನಿನ ಎರಡು ದುರಂತಗಳು ಹಿನ್ನೆಲೆಯಾದವು. ಮಿನಮಾಟ ಎಂಬ ಕಡಲೂರಿನಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಬಿಟ್ಟ ಪಾದರಸ ಮೀನಿನ ಮೂಲಕ ಜನರ ದೇಹ ಸೇರಿತು. 1956ರಲ್ಲಿ ಕಾಯಿಲೆ ಅಧಿಕೃತವಾಗಿ ಬೆಳಕಿಗೆ ಬಂತು. ಕಾರಣವನ್ನು ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ. ನಡುವೆ ಹನ್ನೆರಡು ವರ್ಷ! ಅದೇ 1968ರಲ್ಲಿ ಜಿಂಜೂ ನದಿಯ ಬಯಲಿನ "ಇತಾಯ್-ಇತಾಯ್" ಕಾಯಿಲೆಗೆ ಗಣಿಯಿಂದ ಬಂದ ಕ್ಯಾಡ್ಮಿಯಂ ಕಾರಣವೆಂದು ಒಪ್ಪಲಾಯಿತು. ಇತಾಯ್ ಎಂದರೆ ಜಪಾನಿ ಭಾಷೆಯಲ್ಲಿ "ನೋಯುತ್ತದೆ" ಎಂದರ್ಥ. ರೋಗಿಗಳ ನರಳಾಟವೇ ರೋಗದ ಹೆಸರಾಯಿತು.

ಈ ಎರಡೂ ಬ್ಯಾಟರಿಯಿಂದ ಆದ ಅನಾಹುತಗಳಲ್ಲ. ಆದರೆ ಸೆಲ್ಲಿನ ಸತು ಬೇಗ ಸವೆಯದಿರಲೆಂದು ಪಾದರಸ ಬೆರೆಸುತ್ತಿದ್ದರು. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ರೂಪಿಸಿದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಮುಂದೆ ಮನೆಮನೆಗೂ ಬಂತು. ಒಂದೊಂದು ಸೆಲ್ಲಿನಲ್ಲಿ ಇರುವುದು ಚಿಟಿಕೆಯಷ್ಟು. ಕೋಟಿಗಟ್ಟಲೆ ಸೆಲ್ಲುಗಳು ಒಂದೇ ಕಸದ ಗುಡ್ಡೆ ಸೇರಿ, ಆ ಕಸವನ್ನು ಸುಟ್ಟರೆ? ಈ ಪ್ರಶ್ನೆಗೆ ಉತ್ತರವಾಗಿ ಯೂರೋಪಿನ ಸಮುದಾಯ 1991ರಲ್ಲಿ ಬ್ಯಾಟರಿಗಳಿಗೆಂದೇ ನಿರ್ದೇಶನ ಹೊರಡಿಸಿ, ಪಾದರಸ, ಕ್ಯಾಡ್ಮಿಯಂ, ಸೀಸ ಇರುವ ಬ್ಯಾಟರಿಗಳನ್ನು ಬೇರೆಯಾಗಿ ಸಂಗ್ರಹಿಸಬೇಕೆಂದಿತು. ಸೆಲ್ಲಿನ ಮೇಲೆ ಗಾಲಿಯಿರುವ ಕಸದ ಡಬ್ಬದ ಚಿತ್ರಕ್ಕೆ ಅಡ್ಡಗೆರೆ ಎಳೆದಿರುವುದನ್ನು ನೀವು ಕಂಡಿರಬಹುದು. "ಇದನ್ನು ಕಸಕ್ಕೆ ಹಾಕಬೇಡಿ" ಎನ್ನುವ ಆ ಗುರುತಿನ ಮೂಲ ಇಲ್ಲಿದೆ. ಅಮೆರಿಕ 1996ರಲ್ಲಿ ಪಾದರಸದ ಸೆಲ್ಲುಗಳನ್ನು ಕೈಬಿಡುವ ಕಾನೂನು ಮಾಡಿತು. 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಪಾದರಸ ಒಪ್ಪಂದಕ್ಕೆ ಮಿನಮಾಟ ಎಂದೇ ಹೆಸರಿಡಲಾಗಿದೆ. ಭಾರತ 2018ರಲ್ಲಿ ಅದನ್ನು ಸ್ಥಿರೀಕರಿಸಿತು.

ನಮ್ಮ ದೇಶದ ಹೆಜ್ಜೆಗಳು

1984ರ ಭೋಪಾಲ ದುರಂತದ ನಂತರ, 1986ರಲ್ಲಿ ನಮ್ಮ ಸಂಸತ್ತು ಪರಿಸರ ಸಂರಕ್ಷಣಾ ಕಾಯಿದೆಯನ್ನು ಮಾಡಿತು. 1989ರಲ್ಲಿ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಬಂದವು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಒಂದು ಒಪ್ಪಂದವಾಯಿತು. ಶ್ರೀಮಂತ ದೇಶಗಳಲ್ಲಿ ಕಾನೂನು ಬಿಗಿಯಾದಂತೆ ಅಲ್ಲಿನ ವಿಷತ್ಯಾಜ್ಯ ಹಡಗೇರಿ ಬಡ ದೇಶಗಳಿಗೆ ಹೊರಟಿತ್ತು. ಅದಕ್ಕೆ ತಡೆ ಹಾಕುವುದು ಒಪ್ಪಂದದ ಉದ್ದೇಶ. ಹಳೆಯ ಸೀಸದ ಬ್ಯಾಟರಿಗಳೂ ಅದರ ವ್ಯಾಪ್ತಿಗೆ ಬಂದವು. ಭಾರತ 1992ರಲ್ಲಿ ಅದನ್ನು ಸ್ಥಿರೀಕರಿಸಿತು.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವಿದೆ. 1999ರ ಫೆಬ್ರವರಿಯಲ್ಲಿ ಸೀಸದ ವಿಷವನ್ನು ತಡೆಯುವ ಬಗ್ಗೆ ಒಂದು ಅಂತರರಾಷ್ಟ್ರೀಯ ಸಮ್ಮೇಳನ ಇಲ್ಲಿ ನಡೆಯಿತು. ಅದನ್ನು ಏರ್ಪಡಿಸಿದ್ದ ಜಾರ್ಜ್ ಫೌಂಡೇಶನ್, ದೇಶದ ಹಲವು ಮಹಾನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿತ್ತು. ಪರೀಕ್ಷೆಗೊಳಗಾದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ, ಆಗ ಎಚ್ಚರಿಕೆಯ ಗೆರೆಯೆಂದು ಭಾವಿಸಿದ್ದ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಕಂಡುಬಂದಿತ್ತು. ಆಗಿನ ದೊಡ್ಡ ಅಪರಾಧಿ ಪೆಟ್ರೋಲು. ಅದಕ್ಕೆ ಸೀಸ ಬೆರೆಸುತ್ತಿದ್ದರು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂತು. ಉಳಿದದ್ದು ಬ್ಯಾಟರಿ.

2001ರ ಮೇ 16ರಂದು ಕೇಂದ್ರ ಸರ್ಕಾರ ಬ್ಯಾಟರಿಗಳ ನಿರ್ವಹಣೆಯ ನಿಯಮಗಳನ್ನು ಹೊರಡಿಸಿತು. ಕಾಕತಾಳೀಯವೆಂಬಂತೆ, ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ವಿದ್ಯುತ್ ಕಾರು ರಸ್ತೆಗಿಳಿದದ್ದೂ ಅದೇ ವರ್ಷ, ಸೀಸದ ಬ್ಯಾಟರಿಗಳನ್ನೇ ಹೊತ್ತು! ನಿಯಮದ ತಿರುಳು ಹೀಗಿತ್ತು. ಹೊಸ ಬ್ಯಾಟರಿ ಮಾರುವವನು ಹಳೆಯದನ್ನು ವಾಪಸು ಪಡೆಯಬೇಕು, ಅದಕ್ಕೆ ತಕ್ಕ ರಿಯಾಯಿತಿ ಕೊಡಬೇಕು. ತಯಾರಕರು ಮೊದಲ ವರ್ಷ ಮಾರಿದ್ದರ ಶೇ. 50ರಷ್ಟು, ಎರಡನೆಯ ವರ್ಷ ಶೇ. 75ರಷ್ಟು, ಮೂರನೆಯ ವರ್ಷದಿಂದ ಶೇ. 90ರಷ್ಟು ಹಳೆಯ ಬ್ಯಾಟರಿ ಸಂಗ್ರಹಿಸಬೇಕು. ಅವು ನೋಂದಾಯಿತ ಕಾರ್ಖಾನೆಗೆ ಮಾತ್ರ ಹೋಗಬೇಕು. ಆರು ತಿಂಗಳಿಗೊಮ್ಮೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲೆಕ್ಕ ಒಪ್ಪಿಸಬೇಕು.

ಕಾಗದದ ಮೇಲೆ ಎಲ್ಲವೂ ಸರಿ. ಬಜಾರಿನಲ್ಲಿ ಲೆಕ್ಕ ಬೇರೆ. ಹೊಗೆ ಶೋಧಿಸದವನಿಗೆ ಖರ್ಚು ಕಡಿಮೆ. ಖರ್ಚು ಕಡಿಮೆಯಾದವನು ಹಳೆಯ ಬ್ಯಾಟರಿಗೆ ನೂರಿನ್ನೂರು ಹೆಚ್ಚು ಕೊಡಬಲ್ಲ. ಮನೆಯವರು ಹೆಚ್ಚು ಕೊಟ್ಟವನಿಗೇ ಕೊಡುತ್ತಾರೆ. ಹೀಗೆ ನಿಯಮ ಪಾಲಿಸಿದವನಿಗೆ ಸರಕು ಸಿಗುವುದಿಲ್ಲ, ಪಾಲಿಸದವನ ಕುಲುಮೆ ಆರುವುದಿಲ್ಲ. ಆ ನೂರಿನ್ನೂರು ರೂಪಾಯಿ ಎಲ್ಲಿಂದ ಬಂತು? ಕುಲುಮೆಯ ಪಕ್ಕದ ಗುಡಿಸಲಿನ ಮಗುವಿನಿಂದ ಬಂತು. ಬ್ಯಾಟರಿ ಮಾರಿದ ನಮಗೆ ಅದು ಕಾಣಿಸುವುದಿಲ್ಲ ಅಷ್ಟೇ.

ಇದರ ಅರ್ಥ ಗುಜರಿಯವನು ಖಳನಾಯಕ ಎಂದಲ್ಲ. ನಮ್ಮ ನಗರಗಳ ಕಾಗದ, ಕಬ್ಬಿಣ, ಪ್ಲಾಸ್ಟಿಕ್ಕು ಮಣ್ಣುಪಾಲಾಗದೆ ಉಳಿದಿದ್ದರೆ ಅದು ಅವನ ಬೆವರಿನಿಂದ. ವಿಷವನ್ನು ಮೊದಲು ಉಸಿರಾಡುವವರೂ ಅವನು ಮತ್ತು ಕುಲುಮೆಯ ಕೂಲಿಗಳೇ. ಆ ಕೆಲಸವನ್ನು ನಿಲ್ಲಿಸಿ ಎನ್ನುವ ಕಾನೂನು ಸುಲಭ. ಅವನು ಸಂಗ್ರಹಿಸಿದ್ದನ್ನು ಸರಿಯಾದ ಕಾರ್ಖಾನೆಗೆ ತಲುಪಿಸುವ ದಾರಿ ಮಾಡಿಕೊಡುವ ಕಾನೂನು ಕಷ್ಟ. ಚರಿತ್ರೆ ಕೇಳುವುದು ಎರಡನೆಯದನ್ನು.

ಮಣ್ಣು ಜರಡಿ ಹಿಡಿದ ಊರು

ನಿರ್ಲಕ್ಷ್ಯದ ಬೆಲೆ ಎಷ್ಟೆಂದು ತಿಳಿಯಲು ಆಫ್ರಿಕದ ಸೆನೆಗಲ್ ದೇಶಕ್ಕೆ ಹೋಗೋಣ. ರಾಜಧಾನಿ ಡಕಾರಿನ ಪಕ್ಕದ ಥಿಯಾರೋಯ್-ಸುರ್-ಮೇರ್ ಎಂಬಲ್ಲಿ ವರ್ಷಗಟ್ಟಲೆ ಬಯಲಿನಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸಿದ್ದರು. ಮಣ್ಣೇ ಸೀಸಮಯವಾಗಿತ್ತು. ಸೀಸದ ಬೆಲೆ ಏರಿದಾಗ, ಜನ ಆ ಮಣ್ಣನ್ನೇ ಅಗೆದು, ಜರಡಿ ಹಿಡಿದು, ಸೀಸದ ಚೂರು ಆರಿಸಿ ಮಾರತೊಡಗಿದರು. ಕೆಲವರು ಮಣ್ಣಿನ ಚೀಲಗಳನ್ನು ಮನೆಯೊಳಕ್ಕೂ ತಂದರು. 2007ರ ನವೆಂಬರಿನಿಂದ 2008ರ ಮಾರ್ಚಿನ ನಡುವೆ ಹದಿನೆಂಟು ಪುಟ್ಟ ಮಕ್ಕಳು ಸತ್ತರು. ಬಾಲ್ಟಿಮೋರಿನಿಂದ ಥಿಯಾರೋಯ್‌ಗೆ ಮುಕ್ಕಾಲು ಶತಮಾನದ ಅಂತರ. ಕಥೆ ಅದೇ.

ಇದು ಎಲ್ಲೋ ದೂರದ ಮಾತೆಂದು ತಿಳಿಯಬೇಡಿ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಪ್ರಕಟಿಸಿದ ವರದಿಯ ಅಂದಾಜಿನಂತೆ ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಇದೆ. ಅವರಲ್ಲಿ ಸುಮಾರು 27.5 ಕೋಟಿ ಮಕ್ಕಳು ಭಾರತದವರು. ಇದಕ್ಕೆ ಬಣ್ಣ, ಮಸಾಲೆಯ ಕಲಬೆರಕೆ, ಪಾತ್ರೆಯ ಮೆರುಗು ಮುಂತಾದ ಕಾರಣಗಳೂ ಉಂಟು. ಆದರೆ ಬಯಲು ಕುಲುಮೆಯ ಬ್ಯಾಟರಿ ಮರುಬಳಕೆಯನ್ನು ವರದಿ ಮುಖ್ಯ ಕಾರಣಗಳಲ್ಲಿ ಎಣಿಸಿದೆ.

ಹಾಗಾದರೆ ಪರಿಹಾರವೇ ಇಲ್ಲವೇ? ಇದೆ. ಅಮೆರಿಕದಲ್ಲಿ ಇಂದು ಹಳೆಯ ಸೀಸದ ಬ್ಯಾಟರಿಗಳಲ್ಲಿ ಸುಮಾರು ಶೇ. 99ರಷ್ಟು ಮರುಬಳಕೆಗೆ ಮರಳುತ್ತವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಕೊಡದಿದ್ದರೆ ಅನೇಕ ರಾಜ್ಯಗಳಲ್ಲಿ ಹೆಚ್ಚಿಗೆ ಹಣ ತೆರಬೇಕು. ಬಾಲ್ಟಿಮೋರಿನ ದೇಶವೇ ಇಲ್ಲಿಗೆ ಬಂದು ತಲುಪಿತೆಂದರೆ, ದಾರಿ ಇದೆಯೆಂದೇ ಅರ್ಥ.

2022ರ ನಿಯಮ ಮತ್ತು ಹೊಸ ಬ್ಯಾಟರಿ

ಈ ನಡುವೆ ಬ್ಯಾಟರಿಯೇ ಬದಲಾಯಿತು. 1991ರಲ್ಲಿ ಜಪಾನಿನ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ಸಂಶೋಧನೆಗೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಅವರಿಗೆ 2019ರ ನೊಬೆಲ್ ಪ್ರಶಸ್ತಿ ಬಂತು. ಮೊಬೈಲಿನಿಂದ ವಿದ್ಯುತ್ ಸ್ಕೂಟರಿನವರೆಗೆ ಈಗ ಅದರದೇ ರಾಜ್ಯ. ಅದರಲ್ಲಿ ಸೀಸವಿಲ್ಲ. ಆದರೆ ಜಜ್ಜಿದರೆ, ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಅದರೊಳಗಿನ ಕೋಬಾಲ್ಟಿನ ಬಹುಪಾಲು ಬರುವುದು ಕಾಂಗೋ ದೇಶದ ಗಣಿಗಳಿಂದ. ಅಲ್ಲಿ ಮಕ್ಕಳೂ ಅದಿರು ಹೊರುತ್ತಾರೆ.

2001ರ ನಿಯಮ ಸೀಸದ ಬ್ಯಾಟರಿಗೆ ಮಾತ್ರ ಸೀಮಿತವಾಗಿತ್ತು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದರ ಸ್ಥಾನಕ್ಕೆ ಬಂದು, ಗಡಿಯಾರದ ಸೆಲ್ಲಿನಿಂದ ಬಸ್ಸಿನ ಬ್ಯಾಟರಿಯವರೆಗೆ ಎಲ್ಲವನ್ನೂ ಒಳಗೊಂಡವು. ಇವುಗಳ ಮೂಲ ತತ್ತ್ವ ಉತ್ಪಾದಕರ ವಿಸ್ತೃತ ಹೊಣೆಗಾರಿಕೆ. ಈ ಕಲ್ಪನೆಯನ್ನು 1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ಮುಂದಿಟ್ಟರು. ವಸ್ತುವನ್ನು ಮಾರಿದ ದಿನವೇ ತಯಾರಕನ ಜವಾಬ್ದಾರಿ ಮುಗಿಯುವುದಿಲ್ಲ. ಅದರ ಅಂತ್ಯಸಂಸ್ಕಾರದವರೆಗೂ ಅವನೇ ಹೊಣೆ ಎಂಬುದು ಇದರ ಅರ್ಥ.

ಈ ನಿಯಮದಂತೆ ಬ್ಯಾಟರಿಯನ್ನು ನೆಲದಲ್ಲಿ ಹೂಳುವಂತಿಲ್ಲ, ಸುಡುವಂತಿಲ್ಲ. ಸಣ್ಣ ಸೆಲ್ಲುಗಳಲ್ಲಿ ಪಾದರಸ, ಕ್ಯಾಡ್ಮಿಯಂಗಳಿಗೆ ಮಿತಿಯುಂಟು. ಮರುಬಳಕೆಯ ಕಾರ್ಖಾನೆ ತಾನು ಸಂಸ್ಕರಿಸಿದ ತೂಕಕ್ಕೆ ಪ್ರಮಾಣಪತ್ರ ಪಡೆಯುತ್ತದೆ. ತಯಾರಕ ಆ ಪ್ರಮಾಣಪತ್ರಗಳನ್ನು ಕೊಂಡು ತನ್ನ ಹೊಣೆ ತೀರಿಸಬಹುದು. ತಪ್ಪಿದವರು ಪರಿಸರ ಪರಿಹಾರ ತೆರಬೇಕು. ಸಣ್ಣ ಸೆಲ್ಲು ಹಾಗೂ ವಿದ್ಯುತ್ ವಾಹನದ ಹೊಸ ಬ್ಯಾಟರಿಗಳಲ್ಲಿ 2027-28ರಿಂದ ಕನಿಷ್ಠ ಶೇ. 5ರಷ್ಟು, 2030-31ರ ವೇಳೆಗೆ ಶೇ. 20ರಷ್ಟು ಮರುಬಳಕೆಯ ವಸ್ತು ಇರಬೇಕೆಂದು ನಿಯಮ ಗೊತ್ತುಪಡಿಸಿತು. ಯೂರೋಪು 2023ರಲ್ಲಿ ಇನ್ನೂ ಮುಂದೆ ಹೋಗಿ, ದೊಡ್ಡ ಬ್ಯಾಟರಿಗಳಿಗೆ 2027ರ ಫೆಬ್ರವರಿಯಿಂದ ಒಂದು ಬಗೆಯ ಪಾಸ್‌ಪೋರ್ಟ್ ಬೇಕೆಂದಿತು. ಯಾವ ವಸ್ತುವಿನಿಂದ, ಎಲ್ಲಿ ತಯಾರಾಯಿತು ಎಂಬ ಜಾತಕ ಅದರಲ್ಲಿರುತ್ತದೆ.

ಒಳ್ಳೆಯ ನಿಯಮವೇ. ಆದರೆ ತೂಕದ ಲೆಕ್ಕ ಸುಳ್ಳಾದರೆ, ಪ್ರಮಾಣಪತ್ರ ಬರೀ ಕಾಗದವಾದರೆ, ಕುಲುಮೆ ಹಿಂದಿನಂತೆಯೇ ಹೊಗೆಯಾಡುತ್ತಿರುತ್ತದೆ. ನಿಯಮ ಬರೆದದ್ದಕ್ಕೂ ಜಾರಿಯಾದದ್ದಕ್ಕೂ ನಡುವೆ ಎಷ್ಟು ದೂರವಿರಬಹುದೆಂದು 2001ರ ಅನುಭವ ನಮಗೆ ಕಲಿಸಿದೆ.

ನಿಮ್ಮ ಪಾಲು

2022ರ ನಿಯಮದಲ್ಲಿ ಬಳಕೆದಾರನಿಗೂ ಒಂದು ಕರ್ತವ್ಯ ಹೇಳಿದೆ. ಬಳಕೆದಾರನೆಂದರೆ ನೀವು, ನಾನು. ಹಳೆಯ ಬ್ಯಾಟರಿಯನ್ನು ಮನೆಯ ಇತರ ಕಸದೊಂದಿಗೆ ಬೆರೆಸಬಾರದು. ಅದನ್ನು ಸಂಗ್ರಹಿಸುವ ಅಥವಾ ಮರುಬಳಕೆ ಮಾಡುವ ಅಧಿಕೃತರಿಗೆ ತಲುಪಿಸಬೇಕು. ಇಷ್ಟೇ. ದೊಡ್ಡ ಬ್ಯಾಟರಿಯಾದರೆ ಹೊಸದನ್ನು ಕೊಂಡ ಅಂಗಡಿಗೇ ಹಿಂತಿರುಗಿಸಿ, ರಿಯಾಯಿತಿ ಪಡೆದು, ರಸೀತಿ ಕೇಳಿ. ಸಣ್ಣ ಸೆಲ್ಲುಗಳನ್ನು ಒಂದು ಡಬ್ಬದಲ್ಲಿ ಕೂಡಿಡಿ. ಮೊಬೈಲಿನ ಊದಿಕೊಂಡ ಬ್ಯಾಟರಿಯನ್ನು ಚುಚ್ಚಬೇಡಿ, ಬಿಸಿಲಿಗಿಡಬೇಡಿ. ನಿಮ್ಮ ಶಾಲೆ ಕಾಲೇಜಿನಲ್ಲಿ ಜನರೇಟರು, ಯುಪಿಎಸ್‌ಗಳಿವೆಯಲ್ಲ. ಅವುಗಳ ಹಳೆಯ ಬ್ಯಾಟರಿ ಹರಾಜಾದಾಗ ಯಾರು ಕೊಂಡರು, ಅವರಿಗೆ ನೋಂದಣಿ ಇತ್ತೇ ಎಂದು ವಿನಯದಿಂದ ವಿಚಾರಿಸಿ. ಚರಿತ್ರೆಯ ವಿದ್ಯಾರ್ಥಿ ದಾಖಲೆ ಕೇಳುವುದರಲ್ಲಿ ತಪ್ಪೇನಿದೆ?

ವಿಟ್ರೂವಿಯಸ್ ಬಿಳಿಚಿದ ಮುಖಗಳನ್ನು ನೋಡಿದ. ಆಲಿಸ್ ಹ್ಯಾಮಿಲ್ಟನ್ ಕಾರ್ಮಿಕರ ಮನೆಗಳಿಗೆ ನಡೆದು ಹೋದರು. ಬಾಲ್ಟಿಮೋರಿನ ಅಧಿಕಾರಿಗಳು ಒಲೆಯ ಬೂದಿಯನ್ನು ಪರಿಶೀಲಿಸಿದರು. ಯಾವ ಕಾಲದಲ್ಲೂ ವಿಷ ಇದ್ದದ್ದು ಎಲ್ಲರ ಕಣ್ಣೆದುರಿಗೇ, ನೋಡಿದವರು ಕೆಲವರು. ಮುಂದಿನ ಬಾರಿ ಮನೆಯ ಬಾಗಿಲಲ್ಲಿ ಹಳೆಯ ಬ್ಯಾಟರಿಗೆ ಬೆಲೆ ಕಟ್ಟುವಾಗ, ನೂರು ರೂಪಾಯಿ ಹೆಚ್ಚು ಕೊಡುತ್ತೇನೆಂಬ ಮಾತು ಕೇಳಿಬಂದಾಗ, ನಿಮ್ಮ ತಂದೆ ತಾಯಿಗೆ ಈ ಒಂದು ಪ್ರಶ್ನೆ ಕೇಳಿ: "ಇದು ಇಲ್ಲಿಂದ ಎಲ್ಲಿಗೆ ಹೋಗುತ್ತದೆ?"